ಡೈನಮೊ ಬಿಚ್ಚುವ ಮುನ್ನ ಮೀಟರ್ ಹಿಡಿಯಿರಿ

ಹಳೆಯ ಡೀಸೆಲ್ ಗಾಡಿ ಒಮ್ಮೆ ಶುರುವಾದರೆ ಸಾಕು, ಆಮೇಲೆ ಕರೆಂಟ್ ಹೆಚ್ಚುಕಡಿಮೆ ಇಲ್ಲದೆಯೂ ಓಡುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ವಿದ್ಯುತ್ ಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿಯ ಹಂಗಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 20 ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆ ಡೀಸೆಲ್ಲನ್ನು ಅಳೆದು ಸಿಡಿಸುವ ಪಂಪು ಕೂಡ ಎಂಜಿನ್ನಿನ ಗೇರಿನಿಂದಲೇ ತಿರುಗುತ್ತದೆ. ನಮ್ಮ ಮೆಕ್ಯಾನಿಕರು ಇಂದಿಗೂ ‘ಮೈಕೊ ಪಂಪು’ ಎನ್ನುವ ಈ ಸಾಧನ ಬೆಂಗಳೂರಿನದು. 1951ರಲ್ಲಿ ಹುಟ್ಟಿದ ಮೈಕೊ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಗ್ಯಾರೇಜಿನ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು.

ಕರೆಂಟಿಲ್ಲದೆ ಓಡುವ ಈ ಗುಣದಿಂದ ಎಷ್ಟು ಅನುಕೂಲವೋ ಅಷ್ಟೇ ಅಪಾಯ. ಡೈನಮೊ ಕೆಟ್ಟರೂ ಗಾಡಿ ತನ್ನ ಪಾಡಿಗೆ ಓಡುತ್ತಿರುತ್ತದೆ. ಕಮಲಾಪುರದಲ್ಲಿ ನಸುಕಿನಲ್ಲಿ ಕೆಂಪು ಬಾಳೆಯ ಗೊನೆ ಹೇರಿಕೊಂಡು ಕಲಬುರಗಿ ಮಾರುಕಟ್ಟೆಗೆ ಹೊರಟ ವ್ಯಾನು ಹಗಲೆಲ್ಲ ಚೆನ್ನಾಗಿಯೇ ಇರುತ್ತದೆ. ಸಂಜೆ ಮರಳುವಾಗ ಮಹಾಗಾಂವ ಕ್ರಾಸ್ ಹತ್ತಿರ ಹೆಡ್‌ಲೈಟ್ ಹಳದಿಗೆ ತಿರುಗುತ್ತದೆ, ಹಾರ್ನ್ ಕೀರಲು ದನಿಯಲ್ಲಿ ಕೂಗುತ್ತದೆ. ಮರುದಿನ ಕೀ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು. ಓಣಿಯ ನಾಲ್ಕು ಮಂದಿ ಧಕ್ಕಾ ಹೊಡೆದರೆ ಮತ್ತೆ ಶುರು. ನೋಡಿದವರೆಲ್ಲ ಹೇಳುವುದು ಒಂದೇ: “ಬ್ಯಾಟ್ರಿ ಹೋಗ್ಯಾದ್ರಿ, ಹೊಸಾದು ಹಾಕಸ್ರಿ.”

ಹೊಸ ಬ್ಯಾಟರಿ ಬರುತ್ತದೆ. ಕೆಲವೇ ದಿನಗಳಲ್ಲಿ ಅದೂ ಇಳಿಯುತ್ತದೆ. ಆಗ ಡೈನಮೊ ಬದಲಾಗುತ್ತದೆ. ಅದಾದ ಮೇಲೂ ತೊಂದರೆ ಉಳಿದರೆ ಯಾರೋ ಒಬ್ಬರು ಬೆಲ್ಟ್ ಸಡಿಲಾಗಿರುವುದನ್ನೋ, ಅರ್ಥಿಂಗ್ ವೈರಿಗೆ ತುಕ್ಕು ಹಿಡಿದಿರುವುದನ್ನೋ ಕಂಡುಹಿಡಿಯುತ್ತಾರೆ. ಅಷ್ಟರಲ್ಲಿ ಸಾವಿರಾರು ರೂಪಾಯಿ ಖರ್ಚಾಗಿರುತ್ತದೆ. ಗಾಡಿಯ ದುಡಿಮೆಯ ಮೇಲೆಯೇ ಮನೆ ನಡೆಸುವವರಿಗೆ ಇದು ಸಣ್ಣ ಮೊತ್ತವಲ್ಲ.

ಹಳೆಯ ಡೀಸೆಲ್ ವ್ಯಾನಿನ ಡೈನಮೊವನ್ನು ಮನೆಯಂಗಳದಲ್ಲಿಯೇ ಬದಲಿಸಬಹುದು. ನಾಲ್ಕಾರು ಪಾನಾ, ಒಂದು ಟಾಮಿ, ಅರ್ಧ ದಿನದ ಬಿಡುವು ಇದ್ದರೆ ಸಾಕು. ಆದರೆ ಬೋಲ್ಟ್ ಬಿಚ್ಚಿ ಕಟ್ಟುವುದು ಈ ಕೆಲಸದ ಸುಲಭ ಭಾಗ. ಬಿಚ್ಚುವುದಕ್ಕೆ ಮೊದಲು ಅಳೆದು ತಪ್ಪು ಎಲ್ಲಿದೆ ಎಂದು ತಿಳಿಯುವುದು ಒಂದು, ಕಟ್ಟಿದ ಮೇಲೆ ಗಾಡಿ ಕದಲುವುದಕ್ಕೆ ಮೊದಲು ಬ್ರೇಕ್ ನೋಡುವುದು ಇನ್ನೊಂದು. ಹಣ ಉಳಿಸುವುದು ಮೊದಲನೆಯದು, ಜೀವ ಉಳಿಸುವುದು ಎರಡನೆಯದು. ಡೈನಮೊಕ್ಕೂ ಬ್ರೇಕಿಗೂ ಏನು ಸಂಬಂಧ ಎಂದು ಕೇಳುವವರಿಗಾಗಿಯೇ ಈ ಬರಹ.

ಒಳಗೆ ಏನು ನಡೆಯುತ್ತದೆ

ಗಾಡಿಗಳಲ್ಲಿ ನಿಜವಾದ ಡೈನಮೊ ಇದ್ದ ಕಾಲ ಎಂದೋ ಮುಗಿದಿದೆ. 1960ರ ದಶಕದಲ್ಲಿ ಅಗ್ಗದ, ಗಟ್ಟಿಯಾದ ಸಿಲಿಕಾನ್ ಡಯೋಡುಗಳು ಬಂದ ಮೇಲೆ ಜಗತ್ತಿನಾದ್ಯಂತ ಆಲ್ಟರ್ನೇಟರ್ ಅದರ ಜಾಗ ಹಿಡಿಯಿತು. ಅದಕ್ಕೆ ಕಾರಣ ನೇರವಾದದ್ದು. ಹಳೆಯ ಡೈನಮೊ ಎಂಜಿನ್ ನಿಧಾನವಾಗಿ ತಿರುಗುವಾಗ ಬಹುತೇಕ ಏನನ್ನೂ ಕೊಡುತ್ತಿರಲಿಲ್ಲ. ಆಲ್ಟರ್ನೇಟರ್ ಐಡಲಿನಲ್ಲೂ ಒಂದಷ್ಟು ಕೊಡುತ್ತದೆ. ಮಾತಿನಲ್ಲಿ ಹಳೆಯ ಹೆಸರೇ ಉಳಿದಿರುವುದರಿಂದ ಈ ಬರಹದಲ್ಲೂ ಡೈನಮೊ ಎಂದರೆ ಈ ಆಲ್ಟರ್ನೇಟರೇ.

ಅದರ ನಡುವೆ ತಿರುಗುವ ರೋಟರ್ ಒಂದು ವಿದ್ಯುತ್ಕಾಂತ. ಪೆನ್ಸಿಲ್ಲಿನಷ್ಟು ದಪ್ಪದ ಎರಡು ಕಾರ್ಬನ್ನುಗಳು ರೋಟರಿನ ತಾಮ್ರದ ಉಂಗುರಗಳನ್ನು ಒತ್ತಿಕೊಂಡು ಅದಕ್ಕೆ ಸ್ವಲ್ಪ ಕರೆಂಟ್ ಕೊಡುತ್ತವೆ. ಕಾಂತ ತಿರುಗಿದಾಗ ಸುತ್ತಲಿನ ಸ್ಥಿರ ಸುರುಳಿಗಳಲ್ಲಿ ಮೂರು ಫೇಸಿನ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ ತತ್ವವೇ ಇದು. ಹಾಗೆ ಹುಟ್ಟಿದ್ದು ದಿಕ್ಕು ಬದಲಿಸುತ್ತಿರುವ ಎ.ಸಿ. ಕರೆಂಟ್, ಆರು ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಬ್ಯಾಟರಿಗೆ ಕಳಿಸುತ್ತವೆ. ವೋಲ್ಟೇಜ್ ಸುಮಾರು 14.2ರ ಆಸುಪಾಸು ನಿಲ್ಲುವಂತೆ ರೋಟರಿಗೆ ಹೋಗುವ ಕರೆಂಟನ್ನು ಕೂಡಿಸಿ ಕಳೆಯುವುದು ರೆಗ್ಯುಲೇಟರಿನ ಕೆಲಸ. ಹಳೆಯ ಮೆಕ್ಯಾನಿಕರು ಇದಕ್ಕೆ ‘ಕಟೌಟ್’ ಎನ್ನುತ್ತಾರೆ.

ಬ್ಯಾಟರಿ ಕಾಳು ಕೂಡಿಡುವ ಹಗೇವು ಇದ್ದಂತೆ, ಡೈನಮೊ ಹೊಲ. ಬಿತ್ತನೆಯ ಹೊತ್ತಿಗೆ ಹಗೇವಿನಿಂದ ತೆಗೆದ ಕಾಳನ್ನು ಹೊಲ ಮರಳಿ ತುಂಬಬೇಕು. ಹೊಲ ಬೆಳೆಯದೆ ಹೋದರೆ ಹಗೇವನ್ನು ಎಷ್ಟು ದೊಡ್ಡದಾಗಿ ತೋಡಿದರೂ ಅದು ಬರಿದಾಗುವ ದಿನ ಬಂದೇ ಬರುತ್ತದೆ. ಹೊಸ ಬ್ಯಾಟರಿ ಹಾಕಿಸಿ ತೊಂದರೆ ತೀರಿತು ಎಂದುಕೊಳ್ಳುವವರು ಮರೆಯುವುದು ಇದನ್ನೇ.

ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪವನ್ನೂ ಇಲ್ಲಿ ಅರ್ಥ ಮಾಡಿಕೊಳ್ಳಬೇಕು. ಕೀ ತಿರುಗಿಸಿದಾಗ ಕರೆಂಟ್ ಈ ಬಲ್ಬಿನ ಮೂಲಕವೇ ಹೋಗಿ ರೋಟರಿಗೆ ಮೊದಲ ಕಾಂತಶಕ್ತಿ ಕೊಡುತ್ತದೆ. ಎಂಜಿನ್ ಶುರುವಾಗಿ ಡೈನಮೊ ದುಡಿಯತೊಡಗಿದರೆ ಬಲ್ಬಿನ ಎರಡೂ ಬದಿಯ ವೋಲ್ಟೇಜ್ ಸಮನಾಗಿ ಅದು ಆರುತ್ತದೆ. ಎಂಜಿನ್ ಓಡುವಾಗ ದೀಪ ಹತ್ತಿದರೆ ಕೇಡು ಎಂಬುದು ಎಲ್ಲರಿಗೂ ಗೊತ್ತು. ಎಂಜಿನ್ ಬಂದ್ ಆಗಿದ್ದು ಕೀ ತಿರುಗಿಸಿದಾಗ ದೀಪ ಹತ್ತದಿದ್ದರೂ ಅಷ್ಟೇ ಕೇಡು. ಬಲ್ಬ್ ಸುಟ್ಟಿರಬಹುದು, ವೈರ್ ತುಂಡಾಗಿರಬಹುದು, ಕಾರ್ಬನ್ ಸವೆದಿರಬಹುದು. ಮೊದಲ ಕಾಂತಶಕ್ತಿ ಸಿಗದೆ ಹೋದರೆ ಚೆನ್ನಾಗಿರುವ ಡೈನಮೊ ಕೂಡ ಸುಮ್ಮನೆ ತಿರುಗುತ್ತಿರುತ್ತದೆ. ಕೆಲವೇ ರೂಪಾಯಿಯ ಬಲ್ಬು ಹೋಗಿದ್ದಕ್ಕೆ ಇಡೀ ಡೈನಮೊ ಬದಲಿಸುವುದು ಹೀಗೆಯೇ.

ಅಳೆಯುವ ಕ್ರಮ

ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಒಂದಿರಲಿ. ಮುಂದಿನ ಲೆಕ್ಕಗಳೆಲ್ಲ 12 ವೋಲ್ಟಿನ ಗಾಡಿಗೆ ಸೇರಿದವು. ದೊಡ್ಡ ಲಾರಿ, ಬಸ್ಸುಗಳಲ್ಲಿ 24 ವೋಲ್ಟ್ ಇರುವುದರಿಂದ ಅಲ್ಲಿ ಬ್ಯಾಟರಿಯ ಮತ್ತು ಚಾರ್ಜಿನ ವೋಲ್ಟ್ ಅಂಕಿಗಳನ್ನು ಇಮ್ಮಡಿಸಿಕೊಳ್ಳಬೇಕು.

ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಗ್ಗೆ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಇದ್ದರೆ ಅರ್ಧಕ್ಕೆ ಇಳಿದಿದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಖಾಲಿ ಬ್ಯಾಟರಿಯನ್ನು ಮೊದಲು ಹೊರಗಿನ ಚಾರ್ಜರಿನಲ್ಲಿ ತುಂಬಿಸಿಕೊಂಡು ಮುಂದಿನ ಪರೀಕ್ಷೆಗೆ ಹೋಗಬೇಕು, ಇಲ್ಲದಿದ್ದರೆ ಅಂಕಿಗಳು ದಾರಿ ತಪ್ಪಿಸುತ್ತವೆ.

ಎರಡನೆಯದು ಬೆಲ್ಟ್. ಅದಕ್ಕೆ ಮೀಟರ್ ಬೇಡ, ಹೆಬ್ಬೆರಳು ಸಾಕು. ಎಂಜಿನ್ ಬಂದ್ ಇರುವಾಗ ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಒತ್ತಿದರೆ ಸುಮಾರು 10 ಮಿ.ಮೀ. ಬಾಗಬೇಕು. ಬೆಲ್ಟಿನ ಬದಿ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ ಎಂದರ್ಥ. ಬೆಳಗ್ಗೆ ಶುರು ಮಾಡಿದಾಗ ಕೇಳುವ ‘ಕೀಂ’ ಎಂಬ ಸದ್ದು ಕೂಡ ಅದನ್ನೇ ಹೇಳುತ್ತದೆ.

ಮೂರನೆಯದಾಗಿ, ಎಂಜಿನ್ ಶುರು ಮಾಡಿ ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಅಳೆಯಿರಿ. 13.8ರಿಂದ 14.5ರ ಒಳಗಿದ್ದರೆ ಡೈನಮೊ ದುಡಿಯುತ್ತಿದೆ. ಈಗ ಹೆಡ್‌ಲೈಟ್, ಬ್ಲೋವರ್ ಹಾಕಿ ಮತ್ತೆ ನೋಡಿ. 13.5ರ ಮೇಲೆಯೇ ನಿಂತರೆ ನಿಶ್ಚಿಂತೆ. 12.5ರ ಹತ್ತಿರವೇ ನಿಂತು ನಿಧಾನವಾಗಿ ಇಳಿಯುತ್ತ ಹೋದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಕುದಿದು ಆರುತ್ತದೆ, ಬಲ್ಬುಗಳು ಒಂದೊಂದಾಗಿ ಸುಡುತ್ತವೆ. ಬ್ಯಾಟರಿಗೆ ಪದೇಪದೇ ನೀರು ಹಾಕಬೇಕಾಗಿ ಬಂದರೆ ಮೊದಲು ಈ ಅಂಕಿಯನ್ನು ನೋಡಿ.

ನಾಲ್ಕನೆಯ ಪರೀಕ್ಷೆಯನ್ನು ಮಾಡುವವರು ಕಡಿಮೆ, ಆದರೆ ಹೆಚ್ಚು ಹಣ ಉಳಿಸುವುದು ಇದೇ. ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿಕೊಂಡೇ, ಮೀಟರಿನ ಒಂದು ತುದಿಯನ್ನು ಡೈನಮೊದ ದಪ್ಪ ವೈರಿನ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ಸಿಗೂ ಹಿಡಿಯಿರಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಹುಟ್ಟಿದ ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಹಾಗೆಯೇ ಡೈನಮೊದ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದು ಅರ್ಥಿಂಗ್ ಪರೀಕ್ಷಿಸಿ. ಇಲ್ಲಿ ತಪ್ಪು ಸಿಕ್ಕರೆ ಮರಳು ಕಾಗದದಿಂದ ಟರ್ಮಿನಲ್ ಉಜ್ಜಿ, ಬೋಲ್ಟ್ ಬಿಗಿ ಮಾಡಿದರೆ ಕೆಲಸ ಮುಗಿಯಿತು. ಮಳೆಗಾಲದ ಕೆಸರು, ಬೇಸಿಗೆಯ ದೂಳು ಎರಡನ್ನೂ ಉಣ್ಣುವ ನಮ್ಮ ಕಡೆಯ ಗಾಡಿಗಳಲ್ಲಿ ಈ ತಪ್ಪು ಅಪರೂಪವಲ್ಲ. ಓಡುವ ಬೆಲ್ಟು, ಫ್ಯಾನುಗಳ ಹತ್ತಿರ ಕೈ ಹಾಕುವಾಗ ಟವೆಲು, ಸೆರಗು, ಸಡಿಲು ತೋಳು ದೂರವಿರಲಿ.

ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಹಿಡಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ಡಯೋಡ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಕೆಟ್ಟ ಡಯೋಡಿನ ಮೂಲಕ ರಾತ್ರಿಯೆಲ್ಲ ಬ್ಯಾಟರಿ ಸೋರುತ್ತದೆ. ಹಗಲು ಚಾರ್ಜ್ ಸರಿಯಾಗಿದ್ದು ಬೆಳಗ್ಗೆ ಮಾತ್ರ ಸೆಲ್ಫ್ ಹೊಡೆಯದ ಗಾಡಿಗಳಲ್ಲಿ ಇದನ್ನು ಮರೆಯದೆ ನೋಡಬೇಕು.

ಒಂದು ಹಳೆಯ ಪರೀಕ್ಷೆಯನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ಕಿತ್ತು, ಗಾಡಿ ನಿಲ್ಲದಿದ್ದರೆ ಡೈನಮೊ ಚೆನ್ನಾಗಿದೆ ಎನ್ನುವ ರೂಢಿ ಇನ್ನೂ ಇದೆ. ಹಳೆಯ ಡೀಸೆಲ್ ಎಂಜಿನ್ ಹೇಗೂ ನಿಲ್ಲುವುದಿಲ್ಲ, ಆದ್ದರಿಂದ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಮೇಲಾಗಿ, ಹೊರೆ ಒಮ್ಮೆಲೇ ತಪ್ಪಿದಾಗ ವೋಲ್ಟೇಜ್ ಜಿಗಿದು ಡಯೋಡನ್ನೂ ರೆಗ್ಯುಲೇಟರನ್ನೂ ಸುಡುತ್ತದೆ. ಚೆನ್ನಾಗಿದ್ದ ಡೈನಮೊ ಪರೀಕ್ಷೆಯಿಂದಲೇ ಕೆಡುತ್ತದೆ.

ಕಾವು ಮತ್ತು ಹೊರೆ

ಕಲಬುರಗಿಯಲ್ಲಿ ಮೇ ತಿಂಗಳೆಂದರೆ 42–43 ಡಿಗ್ರಿ ಹೊಸತಲ್ಲ. ಬಾನೆಟ್ ಒಳಗೆ ಕಾವು ಅದಕ್ಕಿಂತ ಬಹಳ ಏರುತ್ತದೆ, ಸೀಟಿನ ಕೆಳಗೆ ಎಂಜಿನ್ ಇರುವ ವ್ಯಾನುಗಳ ಇಕ್ಕಟ್ಟಿನಲ್ಲಂತೂ ಇನ್ನೂ ಹೆಚ್ಚು. ಡೈನಮೊ ತನ್ನ ಸಣ್ಣ ಫ್ಯಾನಿನಿಂದ ತಣ್ಣಗಾಗಬೇಕು. ಅದು ಎಳೆದುಕೊಳ್ಳುವ ಗಾಳಿಯೇ ಬಿಸಿಯಾಗಿದ್ದರೆ, ಜೊತೆಗೆ ಎರೆಮಣ್ಣಿನ ದೂಳು ಕಿಂಡಿಗಳನ್ನು ಮುಚ್ಚಿದ್ದರೆ, ಸುರುಳಿಯ ವಾರ್ನಿಷ್ ಸುಡುತ್ತದೆ, ಬೇರಿಂಗಿನ ಗ್ರೀಸ್ ಆರುತ್ತದೆ. ಬ್ಯಾಟರಿಯ ಆಯುಷ್ಯವೂ ಕಾವಿಗೆ ಕುಗ್ಗುತ್ತದೆ.

ಅದರ ಮೇಲೆ ನಾವು ಹೇರುವ ಹೊರೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 60 ವ್ಯಾಟಿನ ಎರಡು ಹೆಡ್‌ಲೈಟಿಗೆ 10 ಆಂಪಿಯರ್ ಬೇಕು. ಮದುವೆ ದಿಬ್ಬಣಕ್ಕೆಂದು ಕೂಡಿಸಿದ 300 ವ್ಯಾಟಿನ ಆಂಪ್ಲಿಫೈಯರ್ ಪೂರ್ತಿ ದನಿಯಲ್ಲಿ ಹಾಡಿದರೆ 25 ಆಂಪಿಯರ್. ಬಣ್ಣದ ಎಲ್‌ಇಡಿ ಪಟ್ಟಿ, ಹೆಚ್ಚಿನ ಫ್ಯಾನು, ಹತ್ತು ಮೊಬೈಲುಗಳ ಚಾರ್ಜಿಂಗ್ ಬೇರೆ. ಹಳೆಯ ವ್ಯಾನುಗಳ ಡೈನಮೊ ಸಾಮಾನ್ಯವಾಗಿ 45ರಿಂದ 65 ಆಂಪಿಯರಿನದು. ಐಡಲಿನಲ್ಲಿ ಅದರ ಅರ್ಧವೂ ಸಿಗದಿರಬಹುದು. ಊರ ಬಾಗಿಲಲ್ಲಿ ಎಂಜಿನ್ ಐಡಲಿನಲ್ಲಿಟ್ಟು ಗಂಟೆಗಟ್ಟಲೆ ಹಾಡು ಹಾಕಿದರೆ ಬ್ಯಾಟರಿ ಇಳಿಯುವುದು ಲೆಕ್ಕದ ಮಾತು, ಡೈನಮೊದ ತಪ್ಪಲ್ಲ. ಹೊರೆ ಕಡಿಮೆ ಮಾಡದೆ ಅದೇ ಅಳತೆಯ ಹೊಸ ಡೈನಮೊ ಹಾಕಿದರೆ ಅದಕ್ಕೂ ಇದೇ ಗತಿ.

ಡೈನಮೊದ ಬೆನ್ನಿಗೆ ಬ್ರೇಕ್

ಈಗ ಬ್ರೇಕಿನ ವಿಷಯಕ್ಕೆ ಬರೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಥ್ರಾಟಲ್ ಎಂಬ ಅಡ್ಡ ಬಾಗಿಲಿರುತ್ತದೆ. ಅದರ ಹಿಂದೆ ಹುಟ್ಟುವ ನಿರ್ವಾತವೇ ಬ್ರೇಕ್ ಬೂಸ್ಟರಿಗೆ ಬಲ. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಆ ಬಾಗಿಲಿಲ್ಲ, ಆದ್ದರಿಂದ ಸಾಕಷ್ಟು ನಿರ್ವಾತವೂ ಇಲ್ಲ. ಅದಕ್ಕಾಗಿ ಬೇರೆಯೇ ವ್ಯಾಕ್ಯೂಮ್ ಪಂಪ್ ಬೇಕು. ನಮ್ಮ ರಸ್ತೆಗಳಲ್ಲಿ ಓಡುವ ಹಲವು ಹಳೆಯ ಸುಮೊ, ಬೊಲೆರೊ, ಕ್ವಾಲಿಸ್ ಗಾಡಿಗಳಲ್ಲಿ ಈ ಪಂಪನ್ನು ಡೈನಮೊದ ಹಿಂಬದಿಗೇ, ಅದೇ ಶಾಫ್ಟಿಗೇ ಜೋಡಿಸಿರುತ್ತಾರೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ಪಂಪು ಬೇರೆ ಕಡೆ ಇರುತ್ತದೆ. ಪುಣೆಯ ಬಜಾಜ್ ಟೆಂಪೊ ಕಂಪನಿ 1980ರ ದಶಕದಲ್ಲಿ ಮರ್ಸಿಡಿಸ್ ಬೆಂಜಿನಿಂದ ಪರವಾನಗಿ ಪಡೆದು ತಯಾರಿಸಿದ ಓಎಂ 616 ಎಂಜಿನ್ನಿನ ಮೂಲ ವಿನ್ಯಾಸದಲ್ಲಿ ಅದು ಎಂಜಿನ್ನಿನ ಮುಖದ ಮೇಲಿದೆ. 2005ರಲ್ಲಿ ಫೋರ್ಸ್ ಮೋಟರ್ಸ್ ಆದ ಅದೇ ಕಂಪನಿಯ ಟೆಂಪೊ ಟ್ರಾವೆಲರ್, ಟ್ರ್ಯಾಕ್ಸ್ ಗಾಡಿಗಳನ್ನು ಈ ಭಾಗದಲ್ಲಿ ಕಾಣದವರಿಲ್ಲ. ನಿಮ್ಮ ಗಾಡಿಯಲ್ಲಿ ಪಂಪು ಎಲ್ಲಿದೆ ಎಂದು ಕಣ್ಣಾರೆ ನೋಡಿ. ಡೈನಮೊದ ಹಿಂದೆ ದಪ್ಪ ರಬ್ಬರ್ ಪೈಪು, ಜೊತೆಗೆ ಎಂಜಿನ್ ಆಯಿಲ್ ಬಂದು ಹೋಗುವ ಎರಡು ಪೈಪು ಕಂಡರೆ ಪಂಪು ಅಲ್ಲೇ ಇದೆ.

ಅಂಥ ಗಾಡಿಯಲ್ಲಿ ಬೆಲ್ಟ್ ತುಂಡಾದರೆ ಚಾರ್ಜ್ ನಿಲ್ಲುವುದರ ಜೊತೆಗೆ ಬ್ರೇಕಿನ ಬಲವೂ ನಿಲ್ಲುತ್ತದೆ. ಒಂದೆರಡು ಬಾರಿ ಒತ್ತುವಷ್ಟು ನಿರ್ವಾತ ಬೂಸ್ಟರಿನಲ್ಲಿ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಅದೇ ಬೆಲ್ಟು ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಎಂಜಿನ್ನೂ ಕಾಯುತ್ತದೆ. ಒಂದು ಬೆಲ್ಟಿಗೆ ಮೂರು ಜೀವ ಕಟ್ಟಿಹಾಕಿದ ವಿನ್ಯಾಸವಿದು. ಆದ್ದರಿಂದ ದಾರಿಯಲ್ಲಿ ಕೆಂಪು ದೀಪ ಹತ್ತಿದರೆ ‘ಹಗಲದ, ಊರು ಮುಟ್ತೀವಿ’ ಎಂದು ಓಡಿಸಬೇಡಿ. ವೇಗ ಇಳಿಸಿ, ಬದಿಗೆ ನಿಲ್ಲಿಸಿ, ಬೆಲ್ಟ್ ನೋಡಿ. ಬೆಲ್ಟ್ ಗಟ್ಟಿಯಾಗಿದ್ದು, ಬ್ರೇಕ್ ಹಗುರಾಗಿದ್ದು, ಎಂಜಿನ್ ಕಾವು ಏರದಿದ್ದರೆ ಹಾಡು, ಬ್ಲೋವರ್ ಬಂದ್ ಮಾಡಿ ಹಗಲಿನಲ್ಲಿ ನಿಧಾನವಾಗಿ ಮುಟ್ಟಬಹುದು. ಬೆಲ್ಟ್ ಹೋಗಿದ್ದರೆ ಅಲ್ಲೇ ನಿಲ್ಲಿ. ಹುಮನಾಬಾದ್ ಹೆದ್ದಾರಿಯಲ್ಲಿ ಜನ ತುಂಬಿದ ಗಾಡಿಯನ್ನು ಕಲ್ಲಾದ ಪೆಡಲಿನ ಮೇಲೆ ನಡೆಸುವುದು ಯಾವ ಅವಸರಕ್ಕೂ ತಕ್ಕ ಬೆಲೆಯಲ್ಲ.

ಬಿಚ್ಚಿ ಕಟ್ಟುವುದು

ಅಳತೆಯೆಲ್ಲ ಡೈನಮೊದ ಕಡೆಗೇ ಬೆರಳು ತೋರಿಸಿತು ಎನ್ನೋಣ. ಆಗಲೂ ಪೂರ್ತಿ ಹೊಸದು ಬೇಕೇ ಎಂದು ಒಮ್ಮೆ ಯೋಚಿಸಿ. ಕಾರ್ಬನ್, ಬೇರಿಂಗ್, ರೆಗ್ಯುಲೇಟರ್, ಡಯೋಡ್ ಪ್ಲೇಟ್ ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಕಾರ್ಬನ್ 5 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಅದೊಂದನ್ನೇ ಬದಲಿಸಿ ನೋಡಬಹುದು. ಡೈನಮೊ, ಸೆಲ್ಫ್ ಎರಡನ್ನೂ ಬಿಚ್ಚಿ, ಒರೆಸಿ, ಬೆಸುಗೆ ಹಾಕಿ ಮತ್ತೆ ಜೀವ ಕೊಡುವ ಆಟೊ ಎಲೆಕ್ಟ್ರಿಷಿಯನ್ನರು ನಮ್ಮಲ್ಲಿದ್ದಾರೆ. ಉಸ್ತಾದರ ಕೈಕೆಳಗೆ ಹುಡುಗರಾಗಿ ಸೇರಿ, ವರ್ಷಗಟ್ಟಲೆ ನೋಡಿ ಕಲಿತ ವಿದ್ಯೆ ಅದು. ಮನೆಯಲ್ಲಿ ಬಿಚ್ಚಿ ಅವರ ಕೈಗೆ ಒಯ್ದು ಕೊಟ್ಟರೆ ನಿಮ್ಮ ಹಣ ಉಳಿಯುತ್ತದೆ, ಅವರ ವಿದ್ಯೆಗೆ ಕೆಲಸ ಸಿಗುತ್ತದೆ. ಸುರುಳಿಯೇ ಸುಟ್ಟು ಕಪ್ಪಾಗಿದ್ದರೆ, ಉಂಗುರ ಆಳವಾಗಿ ಸವೆದಿದ್ದರೆ, ಮೈ ಬಿರುಕು ಬಿಟ್ಟಿದ್ದರೆ ಹೊಸದೇ ಲೇಸು.

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡಿ. ಎಂಜಿನ್ ಪೂರ್ತಿ ಆರಲಿ. ಕೈಯ ಉಂಗುರ, ಗಡಿಯಾರ, ಕಡಗ ತೆಗೆದಿಡಿ. ಮೊಟ್ಟಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಬೇಕು. ಡೈನಮೊದ ದಪ್ಪ ವೈರು ಬ್ಯಾಟರಿಗೆ ನೇರ ಜೋಡಿಸಿರುತ್ತದೆ. ಕೀ ತೆಗೆದಿದ್ದರೂ ಅದರಲ್ಲಿ ಕರೆಂಟ್ ಇರುತ್ತದೆ. ಮೈನಸ್ ಬಿಚ್ಚದೆ ಪಾನಾ ಹಾಕಿ, ಆ ಪಾನಾ ಎಂಜಿನ್ನಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಲೋಹವೇ ಕರಗುತ್ತದೆ. ಕೈಯಲ್ಲಿ ಉಂಗುರವಿದ್ದರೆ ಬೆರಳೂ ಸುಡುತ್ತದೆ.

ವೈರುಗಳನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ದಪ್ಪ ವೈರು ಬ್ಯಾಟರಿಯದು, ಸಣ್ಣದು ಕೆಂಪು ದೀಪದ್ದು. ಕೆಲವದರಲ್ಲಿ ಆರ್‌ಪಿಎಂ ಮೀಟರಿಗೆ ಹೋಗುವ ಮೂರನೆಯದೂ ಇರುತ್ತದೆ. ಹೊಂದಾಣಿಕೆ ಪಟ್ಟಿಯ ಬೋಲ್ಟ್ ಸಡಿಲಿಸಿ, ಡೈನಮೊವನ್ನು ಎಂಜಿನ್ನಿನ ಕಡೆ ದೂಡಿ ಬೆಲ್ಟ್ ಕಳಚಿ. ವ್ಯಾಕ್ಯೂಮ್ ಪಂಪು ಇದ್ದರೆ ಕೆಳಗೆ ಡಬ್ಬಿ ಇಟ್ಟು ಆಯಿಲ್ ಪೈಪು ಬಿಚ್ಚಿ, ಬಾಯಿಗೆ ಸ್ವಚ್ಛ ಬಟ್ಟೆ ಕಟ್ಟಿ. ಒಳಗೆ ದೂಳು ಹೋದರೆ ಎಂಜಿನ್ನಿಗೇ ಹಾನಿ. ಕೊನೆಯ ದೊಡ್ಡ ಬೋಲ್ಟ್ ತೆಗೆಯುವಾಗ ಕೆಳಗೆ ಒಂದು ಕೈ ಇರಲಿ. ಐದಾರು ಕಿಲೊ ತೂಕದ ಡೈನಮೊ ಮುಖದ ಮೇಲೆ ಬೀಳಬಾರದು.

ಹಳೆಯದು ಮತ್ತು ಹೊಸದನ್ನು ಅಕ್ಕಪಕ್ಕ ಇಟ್ಟು ಹೋಲಿಸಿ: ವೋಲ್ಟ್, ಆಂಪಿಯರ್, ಕಿವಿಗಳ ಅಂತರ, ಪುಲ್ಲಿಯ ಅಗಲ, ಅದರ ಗ್ರೂವ್‌ಗಳ ಸಂಖ್ಯೆ, ಟರ್ಮಿನಲ್ಲುಗಳ ಜಾಗ, ವ್ಯಾಕ್ಯೂಮ್ ಪಂಪು. ಡುಪ್ಲಿಕೇಟ್ ಮಾಲು ಹೊರಗಿನ ಬಣ್ಣದಲ್ಲಿ ಅಸಲಿಗಿಂತ ಚೆಂದವಾಗಿ ಹೊಳೆಯಬಹುದು. ಬಿಲ್ಲು ಮತ್ತು ವಾರಂಟಿ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಕೂಡಿಸುವಾಗ ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ. ಪುಲ್ಲಿಗಳ ಮುಖಕ್ಕೆ ನೇರ ಪಟ್ಟಿ ಹಿಡಿದರೆ ಎರಡೂ ಒಂದೇ ಗೆರೆಯಲ್ಲಿರಬೇಕು, ಇಲ್ಲದಿದ್ದರೆ ಹೊಸ ಬೆಲ್ಟ್ ಬೇಗ ಸವೆಯುತ್ತದೆ. ಬೆಲ್ಟ್ ಬಿಗಿ ಮಾಡಲು ಟಾಮಿಯನ್ನು ಡೈನಮೊದ ಗಟ್ಟಿ ಭಾಗಕ್ಕೆ ಕೊಟ್ಟು ಮೀಟಿ. ತೆಳು ಅಲ್ಯುಮಿನಿಯಂ ಮೈಗೆ ಅಥವಾ ಪಂಪಿಗೆ ಕೊಟ್ಟರೆ ಬಿರುಕು ಬಿಡುತ್ತದೆ. ಹೆಚ್ಚು ಬಿಗಿಯಾದರೆ ಬೇರಿಂಗ್ ಹೋಗುತ್ತದೆ, ಕಡಿಮೆಯಾದರೆ ಜಾರುತ್ತದೆ. ಹೆಬ್ಬೆರಳಿನ ಅದೇ 10 ಮಿ.ಮೀ. ಲೆಕ್ಕ ಇಲ್ಲಿಯೂ.

ಪಂಪಿನ ಆಯಿಲ್ ತೂತಿಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಒಣ ಪಂಪನ್ನು ಹಾಗೆಯೇ ಓಡಿಸಿದರೆ ಅದರ ರೆಕ್ಕೆಗಳು ಮೊದಲ ನಿಮಿಷದಲ್ಲೇ ಗೀರುತ್ತವೆ. ಪೈಪಿನ ವಾಷರುಗಳು ಹೊಸವಿರಲಿ. ವೈರುಗಳನ್ನು ಫೋಟೊ ನೋಡಿ ಜೋಡಿಸಿ, ಬ್ಯಾಟರಿಯ ಮೈನಸ್ಸನ್ನು ಎಲ್ಲಕ್ಕಿಂತ ಕೊನೆಗೆ ಕೂಡಿಸಿ.

ಕೀ ತಿರುಗಿಸಿದಾಗ ಕೆಂಪು ದೀಪ ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಮೀಟರ್ 14ರ ಆಸುಪಾಸು ತೋರಿಸಬೇಕು. ಇಳಿದ ಬ್ಯಾಟರಿಯನ್ನು ಹೊಸ ಡೈನಮೊದಿಂದಲೇ ತುಂಬಿಸಲು ಹೋಗಬೇಡಿ. ಮೊದಲ ದಿನವೇ ಅದು ಪೂರ್ತಿ ಹೊರೆಯಲ್ಲಿ ಕಾಯುತ್ತದೆ.

ಆಮೇಲೆ ಬ್ರೇಕ್. ಎಂಜಿನ್ ಬಂದ್ ಮಾಡಿ ಪೆಡಲನ್ನು ಐದಾರು ಬಾರಿ ಒತ್ತಿ, ಅದು ಗಟ್ಟಿಯಾಗುತ್ತದೆ. ಕಾಲು ಒತ್ತಿಕೊಂಡೇ ಎಂಜಿನ್ ಶುರು ಮಾಡಿ. ಕ್ಷಣಗಳಲ್ಲಿ ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ನಿರ್ವಾತ ಬರುತ್ತಿಲ್ಲ. ಪೈಪಿನ ಕ್ಲಿಪ್ ನೋಡಿ, ಪಂಪ್ ನೋಡಿ, ಅಲ್ಲಿಯವರೆಗೆ ಗಾಡಿ ಅಂಗಳ ಬಿಟ್ಟು ಕದಲಬಾರದು. ಎಂಜಿನ್ ಆಯಿಲಿನ ಮಟ್ಟ ನೋಡಿ, ಪೈಪಿನ ಬುಡದಲ್ಲಿ ಹನಿ ಕಂಡರೆ ಬಿಗಿ ಮಾಡಿ. ಹೊಸ ಬೆಲ್ಟ್ ಒಂದೆರಡು ದಿನದ ಓಟದಲ್ಲಿ ಹಿಗ್ಗುತ್ತದೆ, ಮತ್ತೊಮ್ಮೆ ಬಿಗಿಸಿ. ಮುಂದೆ ಗಾಡಿಯ ಮೈಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಮತ್ತು ಡೈನಮೊದ ವೈರು ಬಿಚ್ಚಿಸಿ, ವಾಟರ್ ಸರ್ವಿಸ್ ಮಾಡಿಸುವಾಗ ಡೈನಮೊಗೆ ಪ್ಲಾಸ್ಟಿಕ್ ಹೊದಿಸಿ.

ಇಲ್ಲಿ ಹೇಳಿದ್ದೆಲ್ಲ ಹಳೆಯ, ಯಾಂತ್ರಿಕ ಪಂಪಿನ ಡೀಸೆಲ್ ಗಾಡಿಗಳ ಮಾತು. ಕಂಪ್ಯೂಟರ್ ನಡೆಸುವ ಹೊಸ ಎಂಜಿನ್ನುಗಳಲ್ಲಿ ಚಾರ್ಜಿಂಗ್ ವೋಲ್ಟೇಜ್ ತಾನಾಗಿ ಏರಿಳಿಯುತ್ತದೆ, ವೋಲ್ಟೇಜ್ ಕುಸಿದರೆ ಎಂಜಿನ್ನೇ ನಿಲ್ಲುತ್ತದೆ. ಅವುಗಳಿಗೆ ಬೇರೆ ಸಾಧನ, ಬೇರೆ ತರಬೇತಿ ಬೇಕು.

ಹಳೆಯ ವ್ಯಾನುಗಳು ಇನ್ನೂ ಎಷ್ಟೋ ಮನೆಗಳ ಅನ್ನ. ತೊಗರಿ ಚೀಲ, ಬಾಳೆಗೊನೆ, ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಆಸ್ಪತ್ರೆಗೆ ಹೊರಟ ಬಾಣಂತಿ ಎಲ್ಲರೂ ಅವುಗಳಲ್ಲೇ ಸಾಗುತ್ತಾರೆ. ಅವುಗಳ ಮಾಲೀಕರಲ್ಲಿ ನನ್ನದೊಂದು ಕೋರಿಕೆ. ತಿಂಗಳಿಗೆ ಒಂದು ಬೆಳಗ್ಗೆ ಎಂಜಿನ್ ಶುರು ಮಾಡುವ ಮೊದಲು ಒಮ್ಮೆ, ಮಾಡಿದ ಮೇಲೆ ಒಮ್ಮೆ ಬ್ಯಾಟರಿಯ ವೋಲ್ಟ್ ಅಳೆದು ಡೈರಿಯಲ್ಲಿ ಬರೆದಿಡಿ. ಪೆಡಲ್ ಇಳಿಯುತ್ತದೆಯೇ ಎಂದು ಕಾಲಿನಿಂದ ನೋಡಿ. ಐದು ನಿಮಿಷದ ಕೆಲಸ. ಡೈರಿಯಲ್ಲಿ ಬರೆದ ವೋಲ್ಟಿನ ಅಂಕಿ ಕಳೆದ ತಿಂಗಳಿಗಿಂತ ಇಳಿದಿದ್ದರೆ ಡೈನಮೊ ಕೆಡುವ ಮೊದಲೇ ನಿಮಗೆ ಗೊತ್ತಾಗುತ್ತದೆ. ಕಾರ್ಬನ್ ಬದಲಿಸಿ ಮುಗಿಸಬಹುದಾದ ಕೆಲಸಕ್ಕೆ ಹೊಸ ಡೈನಮೊದ ಬೆಲೆ ತೆರಬೇಕಾಗುವುದಿಲ್ಲ.